ಮಿದುಳಿನ ಗಡ್ಡೆಗೆ ಕರೆಂಟಿನಿಂದ ಔಷಧ ತಲುಪಿಸುವುದು ಎಂದರೇನು?

ವಿದ್ಯುತ್ತಿನ ನೆರವಿನಿಂದ ಮಿದುಳಿನ ಕ್ಯಾನ್ಸರಿಗೆ ಚಿಕಿತ್ಸೆ ಎಂಬ ಅರ್ಥದ ತಲೆಬರಹಗಳು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿವೆ. ಒಂದು ಸುದ್ದಿಯಲ್ಲಿ ಸ್ವೀಡನ್ನಿನ ಪ್ರಯೋಗಾಲಯ, ಪುಟ್ಟದೊಂದು ಪಂಪು, ಹಕ್ಕಿಯ ಮೊಟ್ಟೆ. ಇನ್ನೊಂದರಲ್ಲಿ ಅಮೆರಿಕದ ಹ್ಯೂಸ್ಟನ್, ಒಂದಿಷ್ಟು ಜೆಲ್, ಇಲಿಗಳು. ಮತ್ತೊಂದರಲ್ಲಿ ಬೋಳಿಸಿದ ತಲೆಗೆ ಬಿಳಿ ಪಟ್ಟಿಗಳನ್ನು ಅಂಟಿಸಿಕೊಂಡು, ಹೆಗಲಿಗೆ ಬ್ಯಾಟರಿ ಚೀಲ ನೇತುಹಾಕಿಕೊಂಡು ನಗುತ್ತಿರುವ ರೋಗಿಯ ಫೋಟೊ. ಓದುವವರಿಗೆ ಮೂರೂ ಒಂದೇ ಸಂಶೋಧನೆಯ ಮೂರು ಹಂತಗಳಂತೆ ಕಾಣುತ್ತವೆ. ಮನೆಯಲ್ಲಿ ರೋಗಿಯಿರುವವರಿಗಂತೂ ಆ ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಬಂದ ಗಳಿಗೆಯಿಂದ ಒಂದೇ ಪ್ರಶ್ನೆ: ಇದು ನಮಗೆಲ್ಲಿ ಸಿಗುತ್ತದೆ?

ಇವು ಬೇರೆ ಬೇರೆ ಕೆಲಸಗಳು. ಒಂದರಲ್ಲಿ ವಿದ್ಯುತ್ತು ಔಷಧವನ್ನು ಹೊತ್ತೊಯ್ಯುತ್ತದೆ, ಒಂದರಲ್ಲಿ ಬಾಗಿಲು ತೆರೆಯುತ್ತದೆ, ಮತ್ತೊಂದರಲ್ಲಿ ಔಷಧದ ಗೊಡವೆಯೇ ಇಲ್ಲದೆ ಗಡ್ಡೆಯ ಕೋಶಗಳನ್ನು ನೇರವಾಗಿ ಕಾಡುತ್ತದೆ. ರೋಗಿಗಳಿಗೆ ಇಂದು ಸಿಗುತ್ತಿರುವುದು ಈ ಕೊನೆಯದು ಮಾತ್ರ. ಔಷಧ ಒಯ್ಯುವ ವಿದ್ಯುತ್ತು ಇನ್ನೂ ಪ್ರಯೋಗಾಲಯದಲ್ಲಿದೆ. ಆದರೂ ಅದರ ಹಿಂದಿನ ಆಲೋಚನೆ ಗಟ್ಟಿಯಾದದ್ದು. ಏಕೆ ಗಟ್ಟಿ, ಎಲ್ಲಿ ಅನುಮಾನ ಎಂಬುದನ್ನು ತಿಳಿಯಬೇಕಾದರೆ ರೋಗದಿಂದಲೇ ಶುರುಮಾಡಬೇಕು.

ಕತ್ತರಿಸಿದರೂ ಉಳಿಯುವ ರೋಗ

ಈ ಸಂಶೋಧನೆಗಳ ಮುಖ್ಯ ಗುರಿ ಗ್ಲಿಯೋಬ್ಲಾಸ್ಟೋಮಾ. ವಯಸ್ಕರ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಇದು ಅತಿ ಸಾಮಾನ್ಯವಾದದ್ದು, ಅತಿ ಕ್ರೂರವಾದದ್ದೂ ಹೌದು. ಇದರ ಗಡ್ಡೆಗೆ ಸ್ಪಷ್ಟ ಅಂಚು ಇರುವುದಿಲ್ಲ. ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆಯುವ ಮುದ್ದೆಯ ಆಚೆಗೂ ಒಂಟಿ ಒಂಟಿ ಕೋಶಗಳು ನರತಂತುಗಳ ಗುಂಟ ಹರಿದು ಹೋಗಿರುತ್ತವೆ. ಅಮೆರಿಕದ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1928ರಲ್ಲಿ ಇಂಥ ಗಡ್ಡೆಯಿದ್ದ ಕೆಲವರ ಮಿದುಳಿನ ಬಲ ಅರ್ಧಗೋಳವನ್ನೇ ತೆಗೆದುಹಾಕಿದ ವರದಿ ಕೊಟ್ಟರು. ಅಷ್ಟು ಮಾಡಿದರೂ ರೋಗ ಬಗ್ಗಲಿಲ್ಲ. ಇಂದಿಗೂ ಆಪರೇಷನ್ ಚೆನ್ನಾಗಿ ಆದಮೇಲೂ ಗಡ್ಡೆ ಮರಳುತ್ತದೆ. ಬಹುಪಾಲು ರೋಗಿಗಳಲ್ಲಿ ಅದು ಮರಳುವುದು ಹಳೆಯ ಜಾಗದಿಂದ ಎರಡು ಸೆಂಟಿಮೀಟರ್ ಒಳಗೇ. ಈ ಎರಡು ಸೆಂಟಿಮೀಟರನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

ಈಗಿರುವ ಚಿಕಿತ್ಸೆಯ ಚೌಕಟ್ಟು ನಿಂತದ್ದು 2005ರಲ್ಲಿ. ಆಪರೇಷನ್ ನಂತರ ಆರು ವಾರ ವಿಕಿರಣ, ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾಪ್ಸೂಲ್. ಯುರೋಪ್ ಮತ್ತು ಕೆನಡಾದ 573 ರೋಗಿಗಳ ಅಧ್ಯಯನದಲ್ಲಿ ವಿಕಿರಣ ಮಾತ್ರ ಪಡೆದವರು ಬದುಕಿದ ಮಧ್ಯಮ ಅವಧಿ (ಅರ್ಧದಷ್ಟು ರೋಗಿಗಳು ಇದಕ್ಕಿಂತ ಹೆಚ್ಚು, ಉಳಿದರ್ಧ ಕಡಿಮೆ ಬದುಕಿದ ಕಾಲ) 12.1 ತಿಂಗಳು, ಕ್ಯಾಪ್ಸೂಲೂ ಸೇರಿದಾಗ 14.6 ತಿಂಗಳು. ಹೆಚ್ಚು ಸಿಕ್ಕಿದ್ದು ಎರಡೂವರೆ ತಿಂಗಳು. ಅಷ್ಟಕ್ಕೇ ಜಗತ್ತಿನ ವೈದ್ಯರೆಲ್ಲ ತಮ್ಮ ಪದ್ಧತಿ ಬದಲಿಸಿದರು ಎಂದರೆ ಬೇರೆ ಆಯ್ಕೆಗಳು ಎಷ್ಟು ಬಡವಾಗಿದ್ದವೆಂದು ಊಹಿಸಬಹುದು.

ಔಷಧವಿದೆ, ದಾರಿಯಿಲ್ಲ

ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಗಳಿಗೆ ಬರವೇನಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಗ್ಲಿಯೋಬ್ಲಾಸ್ಟೋಮಾ ಕೋಶಗಳನ್ನು ಕೊಲ್ಲಬಲ್ಲವು ಎಷ್ಟೋ ಇವೆ. ರಕ್ತಕ್ಕೆ ಡ್ರಿಪ್ ಮೂಲಕ ಕೊಟ್ಟಾಗ ಅವು ಮಿದುಳಿಗೆ ಸಾಕಷ್ಟು ಸೇರುವುದಿಲ್ಲ ಎಂಬುದೇ ತೊಡಕು.

ಜರ್ಮನಿಯ ಪಾಲ್ ಎರ್ಲಿಚ್ 19ನೇ ಶತಮಾನದ ಕೊನೆಯಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದಾಗ ಮೈಯೊಳಗಿನ ಅಂಗಗಳೆಲ್ಲ ಬಣ್ಣಕ್ಕೆ ತಿರುಗಿದವು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಇದನ್ನು ತಿರುವುಮುರುವು ಮಾಡಿ, ಮಿದುಳು ಬಳ್ಳಿಯ ಸುತ್ತಲಿನ ದ್ರವಕ್ಕೇ ಬಣ್ಣ ಹಾಕಿದರು. ಆಗ ಮಿದುಳು ಬಣ್ಣವಾಯಿತು, ಉಳಿದ ಮೈ ಆಗಲಿಲ್ಲ. ಎರಡರ ನಡುವೆ ಗೋಡೆಯೊಂದಿದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಬೇರೆ ಅಂಗಗಳ ಸೂಕ್ಷ್ಮ ರಕ್ತನಾಳಗಳ ಗೋಡೆಯಲ್ಲಿ ಕೋಶಕ್ಕೂ ಕೋಶಕ್ಕೂ ನಡುವೆ ಸಂದುಗಳಿರುತ್ತವೆ. ಮಿದುಳಿನ ರಕ್ತನಾಳಗಳಲ್ಲಿ ಆ ಸಂದುಗಳನ್ನು ಪ್ರೋಟೀನುಗಳು ಬಿಗಿಯಾಗಿ ಹೊಲಿದಿರುತ್ತವೆ. ಸಣ್ಣ, ಕೊಬ್ಬಿನಲ್ಲಿ ಕರಗುವ ಅಣುಗಳಷ್ಟೇ ಕೋಶದ ಪೊರೆಯನ್ನು ಹಾದು ಒಳಬರಬಲ್ಲವು. ಹಾಗೆ ಬಂದವುಗಳಲ್ಲೂ ಹಲವನ್ನು ಗೋಡೆಯಲ್ಲಿರುವ ಪಂಪುಗಳು ಮರಳಿ ರಕ್ತಕ್ಕೇ ಎಸೆಯುತ್ತವೆ. ಟೆಮೊಜೊಲೊಮೈಡ್ ಅಣು ಚಿಕ್ಕದು, ತೂಕ 194 ಡಾಲ್ಟನ್. ಅದಕ್ಕೇ ಅದು ಬಳಕೆಗೆ ಬಂತು. ಅದೂ ಕೂಡ ಮಿದುಳು ದ್ರವದಲ್ಲಿ ಸಿಗುವುದು ರಕ್ತದಲ್ಲಿರುವುದರ ಸುಮಾರು ಐದನೇ ಒಂದು ಪಾಲು.

ಇಲ್ಲಿ ಹಲವರು ತಪ್ಪುವ ಒಂದು ಅಂಶವಿದೆ. ಗಡ್ಡೆಯ ನಡುಭಾಗದಲ್ಲಿ ಈ ಗೋಡೆ ಹಾಳಾಗಿರುತ್ತದೆ. ಸ್ಕ್ಯಾನಿಗೆ ಕೊಡುವ ಕಾಂಟ್ರಾಸ್ಟ್ ದ್ರವ ಅಲ್ಲಿ ಸೋರುವುದರಿಂದಲೇ ಗಡ್ಡೆ ಹೊಳೆಯುತ್ತದೆ. ಆದರೆ ಆ ನಡುಭಾಗವನ್ನು ಸರ್ಜನ್ ಹೇಗೂ ತೆಗೆಯುತ್ತಾರೆ. ಅಂಚಿನಾಚೆ ಹರಡಿದ ಕೋಶಗಳ ಬಳಿ ಗೋಡೆ ಬಹುಮಟ್ಟಿಗೆ ಭದ್ರವಾಗಿಯೇ ಇರುತ್ತದೆ. ಔಷಧ ಸುಲಭವಾಗಿ ತಲುಪುವ ಕಡೆ ಅದರ ಅಗತ್ಯ ಕಡಿಮೆ, ಅಗತ್ಯವಿರುವ ಕಡೆ ಅದು ತಲುಪುವುದಿಲ್ಲ.

ಗೋಡೆ ದಾಟಿದ ಮೇಲೆ ದೂರದ ಲೆಕ್ಕ

ಹಾಗಾದರೆ ರಕ್ತದ ದಾರಿಯನ್ನೇ ಬಿಟ್ಟು ನೇರವಾಗಿ ಮಿದುಳಿಗೇ ಔಷಧ ಇಟ್ಟರೆ? ಇದನ್ನು ಮಾಡಿಯಾಗಿದೆ. ಕಾರ್ಮುಸ್ಟಿನ್ ಎಂಬ ಔಷಧ ತುಂಬಿದ ಬಿಲ್ಲೆಗಳನ್ನು ಗಡ್ಡೆ ತೆಗೆದ ಗುಳಿಯ ಗೋಡೆಗೆ ಜೋಡಿಸಿಡುವ ಪದ್ಧತಿಗೆ ಅಮೆರಿಕ 1996ರಲ್ಲೇ ಒಪ್ಪಿಗೆ ಕೊಟ್ಟಿತು. ಬಿಲ್ಲೆ ಕರಗುತ್ತಾ ಔಷಧ ಬಿಡುತ್ತದೆ. 2003ರಲ್ಲಿ ಬಂದ ಅಧ್ಯಯನದಲ್ಲಿ ಬಿಲ್ಲೆ ಪಡೆದವರು 13.9 ತಿಂಗಳು, ಔಷಧವಿಲ್ಲದ ಬಿಲ್ಲೆ ಪಡೆದವರು 11.6 ತಿಂಗಳು ಬದುಕಿದರು. ಉಪಯೋಗವಿದೆ, ಅಷ್ಟೇನೂ ಇಲ್ಲ.

ಯಾಕಿಷ್ಟು ಕಡಿಮೆ ಎಂಬುದಕ್ಕೆ ಉತ್ತರ ಸರಳ ಭೌತಶಾಸ್ತ್ರದಲ್ಲಿದೆ. ಬಿಲ್ಲೆಯಿಂದ ಹೊರಬಂದ ಔಷಧ ನಿಂತ ನೀರಿಗೆ ಬಿದ್ದ ಶಾಯಿಯ ಹನಿಯಂತೆ ತಾನಾಗಿಯೇ ಹರಡಬೇಕು. ಹೀಗೆ ಹರಡುವಾಗ ಹಿಡಿಯುವ ಸಮಯ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಒಂದು ಮಿಲಿಮೀಟರಿಗೆ ಹಿಡಿದ ಹೊತ್ತಿನ ನಾಲ್ಕು ಪಟ್ಟು ಎರಡು ಮಿಲಿಮೀಟರಿಗೆ ಬೇಕು, ನೂರು ಪಟ್ಟು ಒಂದು ಸೆಂಟಿಮೀಟರಿಗೆ, ನಾನೂರು ಪಟ್ಟು ಆ ಎರಡು ಸೆಂಟಿಮೀಟರಿಗೆ. ಅಷ್ಟು ಹೊತ್ತು ಔಷಧವೂ ಕಾಯುವುದಿಲ್ಲ. ದಾರಿಯುದ್ದಕ್ಕೂ ಇರುವ ಸೂಕ್ಷ್ಮ ರಕ್ತನಾಳಗಳು ಅದನ್ನು ಹೀರಿ ಸಾಗಿಸಿಬಿಡುತ್ತವೆ, ಸ್ವಲ್ಪ ಭಾಗ ಅಲ್ಲೇ ಒಡೆದುಹೋಗುತ್ತದೆ. ಹೀಗಾಗಿ ಔಷಧ ಕೆಲವು ಮಿಲಿಮೀಟರ್ ಸಾಗುವಷ್ಟರಲ್ಲಿ ಕ್ಷೀಣವಾಗುತ್ತದೆ.

ಔಷಧ ತಾನಾಗಿ ಹರಡುವುದಿಲ್ಲವಾದರೆ ತಳ್ಳಬೇಕು. ಸಣ್ಣ ಕೊಳವೆ ಇಟ್ಟು ನಿಧಾನ ಒತ್ತಡದಲ್ಲಿ ದ್ರವ ಹರಿಸುವ ವಿಧಾನ ಬಂದದ್ದು ಹೀಗೆ. ತಳ್ಳಿದಾಗ ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು ಬೆಳೆಯುವ ಪೇಚು ತಪ್ಪುತ್ತದೆ. ಪ್ರಿಸೈಸ್ ಎಂಬ ದೊಡ್ಡ ಅಧ್ಯಯನ ಇದನ್ನು ಒರೆಗೆ ಹಚ್ಚಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೊಳವೆಯ ಮೂಲಕ ಹೊಸ ಔಷಧ ಪಡೆದವರು ಬದುಕಿದ್ದು 36.4 ವಾರ, ಹಳೆಯ ಬಿಲ್ಲೆಯವರು 35.3 ವಾರ. ವ್ಯತ್ಯಾಸವೇ ಇಲ್ಲವೆನ್ನಬೇಕು.

ಸೋತದ್ದು ಔಷಧವೋ, ಕೊಳವೆಯೋ? ಈ ವಾದ ಇಂದಿಗೂ ಮುಗಿದಿಲ್ಲ. ನಂತರದ ಪರಿಶೀಲನೆಯಲ್ಲಿ ಅನೇಕ ರೋಗಿಗಳಿಗೆ ಕೊಳವೆ ಸೂಚನೆಯಂತೆ ಕೂತಿರಲಿಲ್ಲ ಎಂದು ತಿಳಿಯಿತು. ಒತ್ತಡ ಹೆಚ್ಚಿಸಿದರೆ ದ್ರವ ಮಿದುಳೊಳಗೆ ಹೋಗುವ ಬದಲು ಕೊಳವೆಯ ಹೊರಮೈಗುಂಟ ಹಿಂದಕ್ಕೆ ಉಕ್ಕುತ್ತದೆ, ಇಲ್ಲವೇ ಮಿದುಳೊಳಗೆ ದ್ರವ ತುಂಬಿರುವ ಹತ್ತಿರದ ಕುಳಿಗೆ ಸೋರಿಹೋಗುತ್ತದೆ. ಮೊದಲೇ ಊದಿಕೊಂಡ ಮಿದುಳಿಗೆ ಇನ್ನಷ್ಟು ನೀರು ತುಂಬುವುದೂ ಅಪಾಯವೇ. ವಿದ್ಯುತ್ತಿನ ಕಡೆಗೆ ಸಂಶೋಧಕರು ತಿರುಗಿದ್ದಕ್ಕೆ ಈ ಸೋಲಿನ ಹಿನ್ನೆಲೆಯಿದೆ. ಈ ಕೊಂಡಿಯನ್ನು ಸುದ್ದಿಗಳು ಹೇಳುವುದೇ ಇಲ್ಲ. ಹೇಳದಿದ್ದರೆ ವಿದ್ಯುತ್ತು ಏನೋ ಪವಾಡದಂತೆ ತೋರುತ್ತದೆ.

ಲೆಡ್ಯೂಕ್‌ನ ಎರಡು ಮೊಲಗಳು

ವಿದ್ಯುತ್ತು ಔಷಧವನ್ನು ಒಯ್ಯುತ್ತದೆ ಎಂಬುದು ಹೊಸ ಶೋಧವಲ್ಲ. ಫ್ರಾನ್ಸಿನ ಸ್ಟೆಫಾನ್ ಲೆಡ್ಯೂಕ್ 20ನೇ ಶತಮಾನದ ಆರಂಭದಲ್ಲಿ ಇದನ್ನು ಕ್ರೂರವೆನ್ನಬಹುದಾದ ಒಂದು ಪ್ರಯೋಗದಲ್ಲಿ ತೋರಿಸಿದರು. ಎರಡು ಮೊಲಗಳನ್ನು ಒಂದೇ ವಿದ್ಯುತ್ ಮಂಡಲಕ್ಕೆ ಸೇರಿಸಿ, ಒಂದರ ಚರ್ಮದ ಮೇಲೆ ಸ್ಟ್ರಿಕ್ನಿನ್ ದ್ರಾವಣದಲ್ಲಿ ಅದ್ದಿದ ಧನ ಎಲೆಕ್ಟ್ರೋಡನ್ನೂ ಇನ್ನೊಂದರ ಮೇಲೆ ಸಯನೈಡಿನಲ್ಲಿ ಅದ್ದಿದ ಋಣ ಎಲೆಕ್ಟ್ರೋಡನ್ನೂ ಇಟ್ಟರು. ಕರೆಂಟು ಹರಿದಾಗ ಒಂದು ಸ್ಟ್ರಿಕ್ನಿನ್ ಸೆಳೆತದಿಂದ, ಇನ್ನೊಂದು ಸಯನೈಡಿನಿಂದ ಸತ್ತವು. ಕರೆಂಟಿನ ದಿಕ್ಕು ಬದಲಿಸಿದಾಗ ಎರಡಕ್ಕೂ ಏನೂ ಆಗಲಿಲ್ಲ. ಸ್ಟ್ರಿಕ್ನಿನ್ ಅಯಾನಿಗೆ (ಅಯಾನು ಎಂದರೆ ವಿದ್ಯುದಾವೇಶವುಳ್ಳ ಕಣ) ಧನ ಆವೇಶ, ಸಯನೈಡಿಗೆ ಋಣ ಆವೇಶ. ಸಮಾನ ಆವೇಶಗಳು ಪರಸ್ಪರ ತಳ್ಳುತ್ತವೆ. ಎಲೆಕ್ಟ್ರೋಡು ತನ್ನದೇ ಜಾತಿಯ ಆವೇಶವುಳ್ಳ ವಿಷವನ್ನು ಮೈಯೊಳಕ್ಕೆ ದೂಡಿತ್ತು. ಅಂಗೈ ವಿಪರೀತ ಬೆವರುವವರಿಗೆ ಇಂದಿಗೂ ಇದೇ ತತ್ತ್ವದ ಚಿಕಿತ್ಸೆ ಕೊಡುತ್ತಾರೆ.

ಮಿದುಳಿನಲ್ಲಿ ಇದರ ಜೊತೆಗೆ ಎರಡನೆಯ ಶಕ್ತಿಯೂ ಸೇರುತ್ತದೆ. ಮಿದುಳಿನ ಕೋಶಗಳ ನಡುವೆ ದ್ರವ ತುಂಬಿದ ಕಿರಿದಾದ ಓಣಿಗಳಿವೆ. ಮಿದುಳಿನ ಗಾತ್ರದ ಸುಮಾರು ಶೇ 20ರಷ್ಟು ಈ ಓಣಿಗಳೇ. ಕೋಶಗಳ ಮೈಗೆ ಋಣ ಆವೇಶವಿರುವುದರಿಂದ ಓಣಿಯ ದ್ರವದಲ್ಲಿ ಧನ ಅಯಾನುಗಳು ತುಸು ಹೆಚ್ಚಿರುತ್ತವೆ. ವಿದ್ಯುತ್ ಕ್ಷೇತ್ರ ಅವನ್ನು ಋಣ ಎಲೆಕ್ಟ್ರೋಡಿನತ್ತ ಎಳೆದಾಗ ಅವು ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತವೆ. ಆ ಹರಿವಿನಲ್ಲಿ ಆವೇಶವಿಲ್ಲದ ಔಷಧವೂ ತೇಲಿಕೊಂಡು ಸಾಗಬಹುದು. ಕೊಳವೆಯಲ್ಲಿ ತಳ್ಳುವ ಬಲವೆಲ್ಲ ತುದಿಯಲ್ಲೇ ಇರುತ್ತದೆ, ಅದಕ್ಕೇ ಹಿಂದಕ್ಕೆ ಉಕ್ಕುತ್ತದೆ. ಇಲ್ಲಿ ಬಲ ಹುಟ್ಟುವುದು ಎರಡು ಎಲೆಕ್ಟ್ರೋಡುಗಳ ನಡುವಿನ ಪ್ರತಿ ಓಣಿಯೊಳಗೂ. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಆಕರ್ಷಣೆ ಇರುವುದು ಇದೊಂದು ವ್ಯತ್ಯಾಸದಲ್ಲಿ.

ಮೊಟ್ಟೆಯ ಮೇಲಿನ ಪಂಪು, ಇಲಿಯ ತಲೆಯ ಜೆಲ್

ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು ವರ್ಷಗಳಿಂದ ಅಯಾನು ಪಂಪುಗಳನ್ನು ಮಾಡುತ್ತಿದ್ದಾರೆ. ಇದರಲ್ಲಿ ತಿರುಗುವ ಚಕ್ರವಿಲ್ಲ, ಪಿಸ್ಟನ್ ಇಲ್ಲ. ಋಣ ಆವೇಶ ತುಂಬಿದ ಪಾಲಿಮರಿನ ಸಣ್ಣ ಕಾಲುವೆ, ಒಂದು ತುದಿಗೆ ಔಷಧದ ತೊಟ್ಟಿ, ಇನ್ನೊಂದು ತುದಿ ಗಡ್ಡೆಯ ಬಳಿ. ವೋಲ್ಟೇಜು ಕೊಟ್ಟಾಗ ಧನ ಆವೇಶದ ಔಷಧ ಅಣುಗಳು ಕಾಲುವೆಯಲ್ಲಿ ಸಾಲುಗಟ್ಟಿ ಹೊರಬರುತ್ತವೆ. ದ್ರವ ಹೊರಬೀಳುವುದಿಲ್ಲವಾದ್ದರಿಂದ ಮಿದುಳಿನ ಒತ್ತಡ ಏರುವ ಭಯವಿಲ್ಲ. ಎಷ್ಟು ಕರೆಂಟು ಹರಿಯಿತೋ ಅದಕ್ಕೆ ತಕ್ಕಷ್ಟು ಔಷಧ ಹೋಗಿರುತ್ತದೆ, ಹಾಗಾಗಿ ಕರೆಂಟನ್ನು ಅಳೆದರೆ ಡೋಸನ್ನು ಅಂದಾಜಿಸಬಹುದು. ಬೇರೆ ಸಣ್ಣ ಅಯಾನುಗಳೂ ಕರೆಂಟಿನಲ್ಲಿ ಪಾಲು ತೆಗೆದುಕೊಳ್ಳುವುದರಿಂದ ಆ ಭಾಗವನ್ನು ಮೊದಲೇ ಅಳೆದಿಟ್ಟುಕೊಳ್ಳಬೇಕು.

ಆಸ್ಟ್ರಿಯಾದ ಗ್ರಾಜ್ ವೈದ್ಯಕೀಯ ವಿಶ್ವವಿದ್ಯಾಲಯದ ಜೊತೆ ಸೇರಿ ಇವರು ಆರಿಸಿದ್ದು ಜೆಮ್‌ಸಿಟಾಬಿನ್. ಮೇದೋಜೀರಕದ ಕ್ಯಾನ್ಸರಿಗೆ ಬಳಸುವ ಹಳೆಯ ಔಷಧವಿದು. ರಕ್ತದಲ್ಲಿ ಬೇಗ ಒಡೆದುಹೋಗುತ್ತದೆ, ಮಿದುಳಿನ ಗೋಡೆ ದಾಟುವುದು ಕಷ್ಟ. ಆದರೆ ಇದು ಹೊಡೆಯುವುದು ವಿಭಜನೆಯಾಗುತ್ತಿರುವ ಕೋಶಗಳನ್ನು. ನರಕೋಶಗಳು ವಿಭಜನೆಯಾಗುವುದಿಲ್ಲವಾದ್ದರಿಂದ ಅವುಗಳಿಗೆ ಹಾನಿ ಕಡಿಮೆ. ಗೋಡೆಯನ್ನು ಹೇಗಾದರೂ ತಪ್ಪಿಸಿದರೆ ಮಿದುಳಿಗೆ ಒಗ್ಗುವ ಔಷಧ ಇದು, ಆಯ್ಕೆ ಜಾಣತನದ್ದು. 2021ರಲ್ಲಿ ಗ್ಲಿಯೋಬ್ಲಾಸ್ಟೋಮಾ ಕೋಶಗಳ ಉಂಡೆಗಳ ಮೇಲೆ, 2024ರಲ್ಲಿ ಹಕ್ಕಿಯ ಮೊಟ್ಟೆಯೊಳಗಿನ ಭ್ರೂಣದ ಪೊರೆಯ ಮೇಲೆ ಬೆಳೆಸಿದ ಮಾನವ ಗಡ್ಡೆಗಳ ಮೇಲೆ ಪ್ರಯೋಗ ನಡೆಯಿತು. ಕಡಿಮೆ ಡೋಸನ್ನು ಬಿಡದೆ ಕೊಟ್ಟಾಗ ಗಡ್ಡೆಯ ಬೆಳವಣಿಗೆ ತಗ್ಗಿತು.

ಮೊಟ್ಟೆಯ ಪೊರೆ ಒಳ್ಳೆಯ ಪರೀಕ್ಷಾ ನೆಲ. ಅದರ ರಕ್ತನಾಳಗಳು ಗಡ್ಡೆಯೊಳಕ್ಕೆ ಬೆಳೆಯುತ್ತವೆ, ಗಡ್ಡೆ ಜೀವಂತ ದೇಹದಲ್ಲಿರುವಂತೆ ವರ್ತಿಸುತ್ತದೆ. ಆದರೆ ಅಲ್ಲಿ ಮಿದುಳಿನ ಅಂಗಾಂಶವಿಲ್ಲ. ನರತಂತುಗಳ ನಡುವೆ ಔಷಧ ಎಷ್ಟು ದೂರ ಹೋದೀತು ಎಂಬ ಮುಖ್ಯ ಪ್ರಶ್ನೆಗೆ ಅದು ಉತ್ತರ ಕೊಡಲಾರದು.

ಹ್ಯೂಸ್ಟನ್ ಮೆಥಡಿಸ್ಟ್ ಸಂಸ್ಥೆಯ ತಂಡ ಕೈಯಿಟ್ಟಿರುವುದು ಈ ದೂರದ ಪ್ರಶ್ನೆಗೇ. ಔಷಧ ಅಥವಾ ಬಣ್ಣ ಹೀರಿದ ಜೆಲ್ಲನ್ನು ತೊಟ್ಟಿಯಂತೆ ಬಳಸಿ, ವಿದ್ಯುತ್ ಕ್ಷೇತ್ರದ ಮೂಲಕ ಅದರಲ್ಲಿರುವುದನ್ನು ಮಿದುಳಿನೊಳಕ್ಕೆ ಹರಿಸುವುದು ಅವರ ವಿಧಾನ. 2024ರ ಅವರ ವರದಿಯಲ್ಲಿ ಇಲಿಯ ಮಿದುಳಿನ ಫಲಿತಾಂಶಗಳಿವೆ. ಗಡ್ಡೆ ತೆಗೆದ ಗುಳಿಯಲ್ಲಿ ಇಂಥ ಜೆಲ್ ತುಂಬಿದರೆ ಬಿಲ್ಲೆಗಳು ಮಾಡಲಾಗದ್ದನ್ನು ಮಾಡಬಹುದು ಎಂಬುದು ನಿರೀಕ್ಷೆ. ಆದರೆ ಇಲಿಯ ಇಡೀ ಮಿದುಳಿನ ಉದ್ದವೇ ಎರಡು ಸೆಂಟಿಮೀಟರಿನ ಆಸುಪಾಸು. ಮನುಷ್ಯನಲ್ಲಿ ಗುಳಿಯ ಸುತ್ತ ಅಷ್ಟು ದಪ್ಪದ ಪದರವನ್ನು, ಎಲ್ಲ ದಿಕ್ಕಿಗೂ, ಸಮವಾಗಿ ತಲುಪಬೇಕು.

ಬಾಗಿಲು ತೆರೆಯುವ ಹೊಡೆತ

ಇನ್ನೊಂದು ಬಗೆಯಲ್ಲಿ ವಿದ್ಯುತ್ತು ಔಷಧವನ್ನು ಮುಟ್ಟುವುದೇ ಇಲ್ಲ. ಪ್ರತಿ ಸೆಂಟಿಮೀಟರಿಗೆ ನೂರಾರು ವೋಲ್ಟಿನಷ್ಟು ಬಲದ, ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನ ಮಿಡಿತಗಳನ್ನು ಕೊಟ್ಟರೆ ಕೋಶದ ಪೊರೆಯಲ್ಲಿ ತಾತ್ಕಾಲಿಕ ರಂಧ್ರಗಳಾಗುತ್ತವೆ. ಚರ್ಮದ ಗಡ್ಡೆಗಳಿಗೆ ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಔಷಧದ ಜೊತೆ ಇದನ್ನು ಬಳಸುವ ಪದ್ಧತಿ ಯುರೋಪಿನಲ್ಲಿ ನೆಲೆಯೂರಿದೆ. ಮಿದುಳಿನಲ್ಲಾದರೆ ಇಂಥ ಮಿಡಿತಗಳು ಎಲೆಕ್ಟ್ರೋಡಿನ ಸಮೀಪ ಕೋಶಗಳನ್ನು ಕೊಲ್ಲುತ್ತವೆ, ಅದರ ಹೊರವಲಯದಲ್ಲಿ ರಕ್ತ-ಮಿದುಳು ಗೋಡೆಯನ್ನು ಸ್ವಲ್ಪ ಹೊತ್ತು ಸಡಿಲಿಸುತ್ತವೆ. ಆಗ ರಕ್ತಕ್ಕೆ ಕೊಟ್ಟ ಔಷಧ ಒಳನುಗ್ಗಬಹುದು. ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಮಿದುಳಿನ ಗಡ್ಡೆ ಸಹಜವಾಗಿಯೇ ಬಂದ ಸಾಕುನಾಯಿಗಳ ಮೇಲೆ ಈ ದಾರಿಯ ಪ್ರಯೋಗಗಳು ನಡೆದಿವೆ. ಗೋಡೆ ತೆರೆಯುವುದರಲ್ಲಿ ಇದಕ್ಕೊಂದು ಬಲವಾದ ಪ್ರತಿಸ್ಪರ್ಧಿಯೂ ಇದೆ: ಅಲ್ಟ್ರಾಸೌಂಡ್. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2023ರಲ್ಲಿ ತಲೆಬುರುಡೆಗೆ ಕೂರಿಸಿದ ಸಾಧನದಿಂದ ಪ್ಯಾಕ್ಲಿಟ್ಯಾಕ್ಸೆಲ್ ಔಷಧವನ್ನು ರೋಗಿಗಳ ಮಿದುಳಿಗೇ ತಲುಪಿಸಿ ತೋರಿಸಿದ್ದಾರೆ. ಮನುಷ್ಯರ ಮೇಲಿನ ಅನುಭವದಲ್ಲಿ ಅಲ್ಟ್ರಾಸೌಂಡ್ ವಿದ್ಯುತ್ತಿಗಿಂತ ಮುಂದಿದೆ ಎಂದು ಒಪ್ಪಲೇಬೇಕು.

ತಲೆಗೆ ಅಂಟಿಸುವ ಪಟ್ಟಿ ಬೇರೆಯೇ ಸಂಗತಿ

ಫೋಟೊದಲ್ಲಿನ ಬಿಳಿ ಪಟ್ಟಿಗಳು ಆಪ್ಟ್ಯೂನ್ ಎಂಬ ಸಾಧನದವು. ಇಸ್ರೇಲಿನ ಯೋರಾಮ್ ಪಾಲ್ಟಿ ರೂಪಿಸಿದ ತತ್ತ್ವವಿದು. ಸೆಕೆಂಡಿಗೆ ಎರಡು ಲಕ್ಷ ಬಾರಿ ದಿಕ್ಕು ಬದಲಿಸುವ, ಸೆಂಟಿಮೀಟರಿಗೆ ಒಂದರಿಂದ ಮೂರು ವೋಲ್ಟಿನ ದುರ್ಬಲ ಕ್ಷೇತ್ರ. ಇಷ್ಟು ವೇಗವಾಗಿ ಬದಲಾದರೆ ನರಕೋಶಗಳು ಪ್ರತಿಕ್ರಿಯಿಸುವುದಿಲ್ಲ. ಆದರೆ ವಿಭಜನೆಯಾಗುತ್ತಿರುವ ಕೋಶದೊಳಗಿನ ವ್ಯವಸ್ಥೆ ಅಸ್ತವ್ಯಸ್ತವಾಗುತ್ತದೆ. ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಇದು ಔಷಧವನ್ನು ಒಂದು ಕಡೆಗೆ ಒಯ್ಯಲಾರದು. ಮುಂದೆ ತಳ್ಳಿದ್ದನ್ನು ಮರುಕ್ಷಣ ಹಿಂದಕ್ಕೆ ಎಳೆಯುತ್ತದೆ.

ಅಮೆರಿಕ ಇದಕ್ಕೆ 2011ರಲ್ಲಿ ಮರಳಿದ ಗಡ್ಡೆಗೆ, 2015ರಲ್ಲಿ ಹೊಸ ರೋಗಿಗಳಿಗೆ ಒಪ್ಪಿಗೆ ಕೊಟ್ಟಿತು. 695 ರೋಗಿಗಳ ಅಧ್ಯಯನದ ಅಂತಿಮ ಫಲಿತಾಂಶ 2017ರಲ್ಲಿ ಬಂತು. ಟೆಮೊಜೊಲೊಮೈಡ್ ಜೊತೆ ಸಾಧನವನ್ನೂ ಬಳಸಿದವರಿಗೆ ಮಧ್ಯಮ ಅವಧಿ 20.9 ತಿಂಗಳು, ಬಳಸದವರಿಗೆ 16. ಐದು ವರ್ಷ ಬದುಕಿದವರು ಶೇ 13, ಇನ್ನೊಂದು ಗುಂಪಿನಲ್ಲಿ ಶೇ 5. ಬೆಂಬಲಿಗರಿಗೆ ಈ ಅಂಕಿಗಳೇ ಸಾಕು. ಟೀಕಾಕಾರರ ಆಕ್ಷೇಪವೂ ಹಗುರವಾದದ್ದಲ್ಲ. ಹೋಲಿಕೆಯ ಗುಂಪಿಗೆ ಹುಸಿ ಸಾಧನ ಕೊಟ್ಟಿರಲಿಲ್ಲ, ಹಾಗಾಗಿ ಯಾರಿಗೆ ಚಿಕಿತ್ಸೆ ಸಿಗುತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ವಿಕಿರಣದ ಅವಧಿಯಲ್ಲೇ ರೋಗ ಉಲ್ಬಣಿಸಿದವರನ್ನು ಮೊದಲೇ ಹೊರಗಿಡಲಾಗಿತ್ತು. ದಿನಕ್ಕೆ 18 ಗಂಟೆ ಹೊತ್ತುಕೊಂಡೇ ಇರಬೇಕು, ತಲೆ ಬೋಳಿಸುತ್ತಲೇ ಇರಬೇಕು. ಅಮೆರಿಕದಲ್ಲಿ ಇದರ ಘೋಷಿತ ದರ ತಿಂಗಳಿಗೆ ಸುಮಾರು 21,000 ಡಾಲರ್. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2018ರಲ್ಲಿ, ಕೊಟ್ಟ ಹಣಕ್ಕೆ ತಕ್ಕ ಪ್ರಯೋಜನವಿಲ್ಲವೆಂದು ಇದನ್ನು ಕೊಡಬೇಡಿ ಎಂದಿತು. ಒಂದೇ ಅಧ್ಯಯನವನ್ನು ಓದಿ ಎರಡು ದೇಶಗಳು ಎರಡು ತೀರ್ಮಾನಕ್ಕೆ ಬಂದವು.

ಮನುಷ್ಯನ ತಲೆಗೆ ಬರುವ ಮುನ್ನ

ಔಷಧ ಒಯ್ಯುವ ವಿದ್ಯುತ್ತಿಗೆ ಮರಳೋಣ. ಔಷಧ ಸಾಗಬೇಕಾದರೆ ಕರೆಂಟು ಒಂದೇ ದಿಕ್ಕಿಗೆ ಹರಿಯಬೇಕು. ತೊಂದರೆಗಳು ಹುಟ್ಟುವುದೂ ಅಲ್ಲೇ. ಲೋಹದ ಎಲೆಕ್ಟ್ರೋಡಿನ ಬಳಿ ನೀರು ಒಡೆದು ಒಂದು ಕಡೆ ಆಮ್ಲ, ಇನ್ನೊಂದು ಕಡೆ ಕ್ಷಾರ, ಜೊತೆಗೆ ಅನಿಲದ ಗುಳ್ಳೆಗಳು. ಇದನ್ನು ತಡೆಯಲೆಂದೇ ಜೆಲ್ ಮತ್ತು ಪಾಲಿಮರುಗಳ ಮೊರೆಹೋಗುವುದು. ಕರೆಂಟು ಹೆಚ್ಚಿಸಿದರೆ ಅಂಗಾಂಶ ಬಿಸಿಯಾಗುತ್ತದೆ. ಎರಡು ಲಕ್ಷ ಬಾರಿ ಬದಲಾಗುವ ಕ್ಷೇತ್ರಕ್ಕೆ ನರಕೋಶ ಮಿಸುಕದಿದ್ದರೂ ಒಂದೇ ದಿಕ್ಕಿನ ಕರೆಂಟಿಗೆ ಮಿಸುಕುತ್ತದೆ. ಈ ರೋಗಿಗಳಲ್ಲಿ ಅನೇಕರಿಗೆ ಮೊದಲೇ ಫಿಟ್ಸ್ ಬರುತ್ತಿರುತ್ತದೆ. ಕಡಿಮೆ ಕರೆಂಟಿನಲ್ಲಿ ಸುರಕ್ಷತೆಯಿದೆ, ಆದರೆ ಔಷಧ ಹೆಚ್ಚು ದೂರ ಹೋಗದು. ಹೆಚ್ಚು ಕರೆಂಟಿನಲ್ಲಿ ದೂರ ಸಿಗುತ್ತದೆ, ಸುರಕ್ಷತೆ ಹೋಗುತ್ತದೆ. ಎಂಜಿನಿಯರುಗಳ ಮುಂದಿರುವ ನಿಜವಾದ ಗಂಟು ಇದು.

ವಿಜ್ಞಾನಿಗಳ ನಡುವಿನ ಭಿನ್ನಮತವೂ ಇಲ್ಲಿಂದಲೇ ಕವಲೊಡೆಯುತ್ತದೆ. ಒಂದು ಪಕ್ಷದ ಪ್ರಕಾರ ಗಡ್ಡೆ ಮರಳುವುದು ಹೆಚ್ಚಾಗಿ ಹತ್ತಿರದಲ್ಲೇ, ಆದ್ದರಿಂದ ಆ ಪದರಕ್ಕೆ ವಾರಗಟ್ಟಲೆ ಬಿಡದೆ ಔಷಧ ಕೊಡಲು ಸಾಧ್ಯವಾದರೆ ಅದೇ ದೊಡ್ಡ ಗೆಲುವು. ಇನ್ನೊಂದು ಪಕ್ಷ ಡ್ಯಾಂಡಿಯ ಆಪರೇಷನ್ನನ್ನು ನೆನಪಿಸುತ್ತದೆ. ರೋಗ ಇಡೀ ಮಿದುಳಿನದ್ದು, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ತಲೆಯೆತ್ತುತ್ತದೆ ಎಂಬುದು ಅವರ ವಾದ. ಮೊದಲ ಪಕ್ಷದ ಮಾತು ನನಗೆ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಹತ್ತಿರದ ಪದರಕ್ಕೆ ಸಾಕಷ್ಟು ಔಷಧ ಸಮವಾಗಿ ತಲುಪಿದ ಪ್ರಯೋಗ ಇನ್ನೂ ನಡೆದೇ ಇಲ್ಲ. ತಲುಪಿದ ಮೇಲೂ ರೋಗ ಮರಳಿದರೆ ಆಗ ಎರಡನೆಯ ಪಕ್ಷ ಗೆದ್ದಂತೆ.

ಬೆಂಗಳೂರಿನ ನಿಮ್ಹಾನ್ಸ್ ಇರಲಿ, ಬೇರೆ ದೊಡ್ಡ ಆಸ್ಪತ್ರೆಯಿರಲಿ, ಇಂದು ಗ್ಲಿಯೋಬ್ಲಾಸ್ಟೋಮಾ ರೋಗಿಗೆ ಸಿಗುವುದು ಆಪರೇಷನ್, ವಿಕಿರಣ, ಟೆಮೊಜೊಲೊಮೈಡ್. ಕ್ಯಾಪ್ಸೂಲನ್ನು ಭಾರತದ ಕಂಪನಿಗಳೇ ತಯಾರಿಸುತ್ತವೆ. ಅಯಾನು ಪಂಪನ್ನಾಗಲಿ ವಿದ್ಯುತ್ ಜೆಲ್ಲನ್ನಾಗಲಿ ಹಣ ಕೊಟ್ಟು ಪಡೆಯುವ ದಾರಿ ಎಲ್ಲೂ ಇಲ್ಲ. ಅಂಥದ್ದು ಸಿಗುತ್ತದೆ ಎಂದು ಯಾರಾದರೂ ಹೇಳಿ ಮುಂಗಡ ಕೇಳಿದರೆ ಕೊಡಬೇಡಿ, ಮೊದಲು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸಿ. ಆ ಸುದ್ದಿಗಾಗಿ ವಿಕಿರಣದ ದಿನಗಳನ್ನು ಮುಂದೂಡಲೂ ಬೇಡಿ. ಆರು ವಾರಗಳ ಆ ಸರಣಿ ತಡವಾದಷ್ಟೂ ನಷ್ಟ ರೋಗಿಗೇ.

ಮುಂದೆ ಮನುಷ್ಯರ ಮೇಲೆ ಮೊದಲ ಪ್ರಯೋಗ ನಡೆದರೆ ಅದು ಬಹುಶಃ ಗಡ್ಡೆ ಮರಳಿ ಎರಡನೆಯ ಆಪರೇಷನ್ನಿಗೆ ಬಂದವರಲ್ಲೇ ನಡೆದೀತು, ತಲೆಬುರುಡೆ ಹೇಗೂ ತೆರೆಯಬೇಕಾದ್ದರಿಂದ. ಅದರಲ್ಲಿ ನೋಡುವುದು ಸುರಕ್ಷತೆಯನ್ನು ಮತ್ತು ಔಷಧ ಎಷ್ಟು ಮಿಲಿಮೀಟರ್ ಸಾಗಿತು ಎಂಬುದನ್ನು. ಎಷ್ಟು ತಿಂಗಳು ಬದುಕಿದರು ಎಂಬುದನ್ನಲ್ಲ. ಆಗಲೂ ತಲೆಬರಹದಲ್ಲಿ "ಯಶಸ್ವಿ" ಎಂದು ಬರೆದಿರುತ್ತದೆ. ಒಳಗೆ ಮಿಲಿಮೀಟರಿನ ಲೆಕ್ಕ ಎಷ್ಟಿದೆ ಎಂದು ಹುಡುಕಿ ನೋಡಬೇಕು.